ಸಂಖ್ಯಾಶಾಸ್ತ್ರದ ಪ್ರಮೇಯಗಳಿಗೆ ಕಂಪ್ಯೂಟರಿನ ಠಸ್ಸೆ ಬೇಕೆ?

ರವಿಕಿರಣ: ಅನೇಕ ಸ್ವತಂತ್ರ ಅಳತೆಗಳ ಸರಾಸರಿ ಗಂಟೆಯಾಕಾರದ ವಿತರಣೆಯತ್ತ ಸಾಗುತ್ತದೆ ಎನ್ನುವ ಕೇಂದ್ರ ಮಿತಿ ಪ್ರಮೇಯದ ಸಾಧನೆಯನ್ನು (proof) ಅವಿಗಾದ್, ಹೋಲ್ಜ್ಲ್, ಸೆರಾಫಿನ್ ಎಂಬ ಮೂವರು 2014ರಲ್ಲೇ, ಸಾಧನೆಗಳ ಪ್ರತಿ ಹಂತವನ್ನೂ ಪರೀಕ್ಷಿಸುವ ಇಸಬೆಲ್ ತಂತ್ರಾಂಶಕ್ಕೆ ಸಾಲುಸಾಲಾಗಿ ಒಪ್ಪಿಸಿದರು. ಅಂಥದ್ದೇ ಆದ ಲೀನ್ ತಂತ್ರಾಂಶದಲ್ಲಿ, ಮಾದರಿ ಬೆಳೆದಂತೆ ಅದರ ಸರಾಸರಿ ನಿಜವಾದ ಸರಾಸರಿಯತ್ತ ಸರಿಯುತ್ತದೆ ಎನ್ನುವ ಪ್ರಬಲ ಮಹಾಸಂಖ್ಯಾ ನಿಯಮವೂ ಇದೆ. ಹಾಗಿರುವಾಗ ನಮ್ಮ ಸಂಶೋಧನಾ ಪತ್ರಿಕೆಗಳು ಇಂದಿಗೂ ಇಬ್ಬರು ಪರಿಶೀಲಕರ ಕಣ್ಣನ್ನೇ ಏಕೆ ನೆಚ್ಚಿಕೊಂಡಿವೆ? ನಲವತ್ತು ಪುಟದ ಅನುಬಂಧವನ್ನು ಎಷ್ಟು ಜನ ಓದುತ್ತಾರೆಂದು ಎಲ್ಲರಿಗೂ ಗೊತ್ತು.

ಮಾಲತಿ: ಅಲುಗಾಡದೆ ನಿಂತಿರುವ ಪ್ರಮೇಯವನ್ನು ಮತ್ತೆ ಸಾಧಿಸಿ ಸಿಕ್ಕಿದ್ದೇನು? ನಾವು ಎಡವುವುದು ಸಾಧನೆಯಲ್ಲಲ್ಲ, ಷರತ್ತಿನಲ್ಲಿ. ಸಮೀಕ್ಷೆಗೆ ಹೋದವರು ಒಂದೇ ಮನೆಯ ನಾಲ್ವರ ಉತ್ತರಗಳನ್ನು ಸ್ವತಂತ್ರವೆಂದು ಬರೆದುಕೊಂಡರೆ ಯಾವ ಲೀನ್ ತಡೆಯುತ್ತದೆ?

ರವಿಕಿರಣ: ತಡೆಯುವುದಿಲ್ಲ. ಆದರೆ ಯಾವ ಷರತ್ತು ನಿಜಕ್ಕೂ ಬೇಕಾಯಿತು ಎಂಬುದನ್ನು ಬಿಡಿಸಿ ತೋರಿಸುತ್ತದೆ. ಮಹಾಸಂಖ್ಯಾ ನಿಯಮಕ್ಕೆ ಲೀನ್‌ನಲ್ಲಿರುವುದು 1981ರ ಎತೆಮಾದಿಯವರ ಸಾಧನೆ. ಸರಾಸರಿ ಇರುವ ಒಂದೇ ವಿತರಣೆಯ ಚರಗಳು ಜೋಡಿಜೋಡಿಯಾಗಿ, ಅಂದರೆ ಯಾವ ಎರಡನ್ನು ತೆಗೆದುಕೊಂಡರೂ, ಸ್ವತಂತ್ರವಾಗಿದ್ದರೆ ಅದಕ್ಕೆ ಸಾಕು. ನಾವು ಕಾಲೇಜಿನಲ್ಲಿ ಉರುಹೊಡೆದದ್ದು ಎಲ್ಲ ಚರಗಳೂ ಒಟ್ಟಾಗಿ ಸ್ವತಂತ್ರವಾಗಿರಬೇಕೆನ್ನುವ ಪೂರ್ಣ ಸ್ವಾತಂತ್ರ್ಯ.

ಗಣಕಭಟ್ಟ: ಲೀನ್ ಬಳಸುವವನಾಗಿ ಒಂದು ಎಚ್ಚರಿಕೆ. ಅದರ ಗಣಿತ ಭಂಡಾರದಲ್ಲಿ ಅನುಕಲಿಸಲಾಗದ ಫಲನದ ಅನುಕಲ (integral, ವಿತರಣೆಯ ಸರಾಸರಿಯನ್ನು ಲೆಕ್ಕಹಾಕುವುದು ಇದರಿಂದಲೇ) ಸೊನ್ನೆ ಎಂದೇ ವ್ಯಾಖ್ಯಾನಿಸಿದ್ದಾರೆ. ಒಂದನ್ನು ಸೊನ್ನೆಯಿಂದ ಭಾಗಿಸಿದರೂ ಸೊನ್ನೆ. ಹಾಗಾಗಿ ಸರಾಸರಿಯೇ ಇಲ್ಲದ ಕೋಶಿ ವಿತರಣೆಯ ‘ಸರಾಸರಿ ಸೊನ್ನೆ’ ಎಂದು ಅಲ್ಲಿ ಸಾಧಿಸಿಬಿಡಬಹುದು. ಐದರ ಸುತ್ತ ಹರಡಿದ ಕೋಶಿಗೂ ಅದೇ ಉತ್ತರ! ಇದು ದೋಷವಲ್ಲ, ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು. ‘ಅನುಕಲನೀಯ’ ಎಂಬ ಷರತ್ತು ಹೇಳಿಕೆಯಲ್ಲಿದೆಯೇ ಎಂದು ನೋಡಬೇಕಾದವರು ನಾವು.

ಮಾಲತಿ: ನಾನು ಹೇಳಿದ್ದೂ ಅದನ್ನೇ ಅಲ್ಲವೇ?

ಗಣಕಭಟ್ಟ: ಪೂರ್ತಿ ಅಲ್ಲ ಮೇಡಂ. ನಲವತ್ತು ಪುಟದ ಬದಲು ಹೇಳಿಕೆ ಮತ್ತು ಅದರ ವ್ಯಾಖ್ಯೆಗಳನ್ನಷ್ಟೇ ಓದಿದರೆ ಸಾಕಾಯಿತು. ಗೋಳಗಳನ್ನು ಅತಿ ಒತ್ತಾಗಿ ಜೋಡಿಸುವ ಬಗೆಯ ಕುರಿತ ಕೆಪ್ಲರ್ ಊಹೆಗೆ ಗಣಿತಜ್ಞ ಹೇಲ್ಸ್ 1998ರಲ್ಲಿ ಕೊಟ್ಟ ಸಾಧನೆಯನ್ನು ವರ್ಷಗಟ್ಟಲೆ ಓದಿದ ಪರಿಶೀಲಕರು, ಶೇ. 99ರಷ್ಟು ಖಾತ್ರಿ ಎಂದು ಕೈಚೆಲ್ಲಿದರು. ಉಳಿದ ಒಂದಂಶವನ್ನು ಹೇಲ್ಸ್ ತಂಡ ಯಂತ್ರದ ಮುಂದಿಟ್ಟು ಮುಗಿಸಿದ್ದು 2014ರಲ್ಲಿ.

ಶಾಲಿನಿ: ಆ ದುಡಿಮೆಯೇ ನನ್ನ ತಕರಾರು. ಪುಸ್ತಕ ‘ಸ್ಪಷ್ಟ’ ಎಂದು ದಾಟಿಸುವ ಮಾಪನೀಯತೆಯನ್ನು (ಫಲನಕ್ಕೆ ಸಂಭವನೀಯತೆಯ ಲೆಕ್ಕ ಹಾಕಲು ಬರುತ್ತದೆ ಎಂಬ ತಾಂತ್ರಿಕ ಷರತ್ತನ್ನು) ಲೀನ್‌ಗೆ ಒಪ್ಪಿಸುವಷ್ಟರಲ್ಲಿ ಸಂಜೆ ಕಳೆದಿರುತ್ತದೆ. ‘ಸಾರಿ’ (sorry) ಎಂದು ಟೈಪಿಸಿ ಆ ಹಂತವನ್ನು ಬಿಟ್ಟು ಮುಂದೆ ಹೋಗಬಹುದು, ಆದರೆ ಅದರ ಎಚ್ಚರಿಕೆ ಪರದೆಯ ಮೇಲೆ ಉಳಿದೇ ಇರುತ್ತದೆ. ಪಿಎಚ್‌ಡಿ ಗಡುವು ಕಾಯುವುದಿಲ್ಲ.

ಮಾಲತಿ: ಆ ಎಚ್ಚರಿಕೆ ಹಿಡಿಸಿತು. ಅಚ್ಚಾದ ಪ್ರಬಂಧಗಳಲ್ಲೂ ‘ಸುಲಭವಾಗಿ ತೋರಿಸಬಹುದು’ ಎಂದಿರುವ ಕಡೆಯೆಲ್ಲ ಅದು ಕಾಣಿಸಿಕೊಳ್ಳುವುದಾದರೆ ಲೀನ್ ಕಲಿಯಲು ನಾನೂ ಸಿದ್ಧ. ನಾಲ್ವರ ಮನೆಯ ಪ್ರಶ್ನೆಗೆ ಮಾತ್ರ ಯಾರೂ ಇನ್ನೂ ಉತ್ತರಿಸಿಲ್ಲ.