ಅಂಗಾಂಶಗಳನ್ನು ಗುರುತಿಸುವುದು ಹೇಗೆ: ರೋಗಶಾಸ್ತ್ರಜ್ಞೆಯೊಂದಿಗೆ ಪ್ರಶ್ನೋತ್ತರ

ಗುಂಪಿನ ನಿರ್ವಾಹಕ: ದೇಹದ ಅಂಗಾಂಶಗಳನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸುವ ಬಗೆ ಮತ್ತು ಅವು ಇರುವ ಜಾಗಗಳ ಕುರಿತ ಪ್ರಶ್ನೆಗಳಿಗೆ ನಮ್ಮ ಗುಂಪಿನ ರೋಗಶಾಸ್ತ್ರಜ್ಞೆಯವರು ಇಂದು ಉತ್ತರಿಸಲು ಒಪ್ಪಿದ್ದಾರೆ. ಫಾರ್ವರ್ಡ್ ಬಂದ ಮನೆಮದ್ದುಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ.

ನರ್ಸಿಂಗ್ ವಿದ್ಯಾರ್ಥಿನಿ: ನಮಸ್ಕಾರ ಮೇಡಂ. ನಯವಾದ ಸ್ನಾಯು, ಸ್ನಾಯುರಜ್ಜು ಮತ್ತು ನರದ ಸ್ಲೈಡುಗಳು ನನಗೆ ಒಂದೇ ತರಹ ಕಾಣುತ್ತವೆ. ಮೂರರಲ್ಲೂ ಗುಲಾಬಿ ಎಳೆಗಳು, ನಡುವೆ ನೀಲಿ ಚುಕ್ಕೆಗಳು. ಪ್ರಾಯೋಗಿಕ ಪರೀಕ್ಷೆಯಲ್ಲಿ ಎರಡು ಬಾರಿ ತಪ್ಪು ಬರೆದಿದ್ದೇನೆ.

ರೋಗಶಾಸ್ತ್ರಜ್ಞೆ: ಈ ಮೂರರಲ್ಲಿ ಎಡವದ ವಿದ್ಯಾರ್ಥಿಯನ್ನು ನಾನಿನ್ನೂ ಕಂಡಿಲ್ಲ. ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣ ಹಾಕಿದಾಗ ಕೋಶಕೇಂದ್ರ ನೀಲಿಯಾಗಿಯೂ ಉಳಿದದ್ದು ಗುಲಾಬಿಯಾಗಿಯೂ ಕಾಣುವುದರಿಂದ ಬಣ್ಣವನ್ನು ನಂಬಿ ಕುಳಿತರೆ ಉಪಯೋಗವಿಲ್ಲ. ಕೋಶಕೇಂದ್ರ ಎಲ್ಲಿದೆ, ಯಾವ ಆಕಾರದಲ್ಲಿದೆ ಎಂಬುದನ್ನು ನೋಡಬೇಕು. ನಯವಾದ ಸ್ನಾಯುವಿನಲ್ಲಿ ಅದು ಎಳೆಯ ಒಳಗೆ, ನಟ್ಟನಡುವೆ, ತುದಿ ಮೊಂಡಾದ ಉದ್ದನೆಯ ಕಡ್ಡಿಯಂತೆ ಇರುತ್ತದೆ, ಸ್ನಾಯು ಸಂಕುಚಿಸಿದ್ದರೆ ತಿರುಪಿನಂತೆ ಸುರುಳಿಯಾಗಿರುತ್ತದೆ. ಸ್ನಾಯುರಜ್ಜುವಿನಲ್ಲಿ ನಿಮಗೆ ಕಾಣುವ ಗುಲಾಬಿ ಎಳೆ ಜೀವಕೋಶವೇ ಅಲ್ಲ, ಅದು ಕೊಲಾಜೆನ್ ಎಂಬ ಪ್ರೋಟೀನಿನ ಕಟ್ಟು. ಕಟ್ಟುಗಳ ಸಂದಿಯಲ್ಲಿ ಒತ್ತಿಹೋಗಿ ತೆಳ್ಳಗಾದ ಕಡುನೀಲಿ ಕೋಶಕೇಂದ್ರಗಳು ಸಾಲಾಗಿ ನಿಂತಿರುತ್ತವೆ. ನರವಾದರೆ ಇಡೀ ಕಟ್ಟೇ ಅಲೆಅಲೆಯಾಗಿರುತ್ತದೆ. ಸ್ಲೈಡು ತಯಾರಿಸುವಾಗ ಬಳಸುವ ದ್ರಾವಕಗಳಲ್ಲಿ ನರದ ಎಳೆಗಳ ಹೊದಿಕೆಯಾದ ಮಯಲಿನ್‌ನ ಕೊಬ್ಬು ಕರಗಿ ಹೋಗುವುದರಿಂದ ಎಳೆಗಳ ಸುತ್ತ ನೊರೆಯಂತಹ ಖಾಲಿ ಜಾಗ ಉಳಿದಿರುತ್ತದೆ. ಕಡಿಮೆ ವರ್ಧನೆಯಲ್ಲಿ ಮೊದಲು ಸುತ್ತಲಿನ ನೆರೆಹೊರೆಯನ್ನು ನೋಡಿ, ಆಮೇಲೆ ಹತ್ತಿರ ಹೋಗಿ. ನೀವು ನೇರವಾಗಿ 40ರ ಮಸೂರಕ್ಕೆ ಹಾರುತ್ತಿದ್ದೀರಿ ಎಂದು ನನ್ನ ಊಹೆ.

ನರ್ಸಿಂಗ್ ವಿದ್ಯಾರ್ಥಿನಿ: ನಿಮ್ಮ ಊಹೆ ನಿಜ ಮೇಡಂ. ಧನ್ಯವಾದಗಳು.

ಫಿಸಿಯೋಥೆರಪಿ ವಿದ್ಯಾರ್ಥಿ: ಮೂತ್ರಕೋಶದ ಒಳಪದರ ಖಾಲಿ ಇದ್ದಾಗ ದಪ್ಪವಾಗಿಯೂ ತುಂಬಿದಾಗ ತೆಳುವಾಗಿಯೂ ಕಾಣುತ್ತದೆಂದು ಓದಿದ್ದೇನೆ. ಹಾಗಾದರೆ ಅದನ್ನು ಎಷ್ಟು ಪದರದ್ದೆಂದು ಬರೆಯಬೇಕು?

ಪ್ರೌಢಶಾಲಾ ಶಿಕ್ಷಕ: ಡಾಕ್ಟರೇ, ಮಕ್ಕಳಿಗಾಗಿ ಅಂಗಾಂಶಗಳ ಮುಖ್ಯ ವಿಧಗಳನ್ನು ಒಮ್ಮೆ ತಿಳಿಸುವಿರಾ?

ರೋಗಶಾಸ್ತ್ರಜ್ಞೆ: ಅನುಲೇಪಕ, ಸಂಯೋಜಕ, ಸ್ನಾಯು ಮತ್ತು ನರ ಎಂದು ನಾಲ್ಕು. ನಿಮ್ಮ ಪಠ್ಯಪುಸ್ತಕದಲ್ಲಿಯೇ ಇದೆ.

ಹೊಸ ಸದಸ್ಯ: ನನ್ನ ತಂದೆಗೆ ವರ್ಷಗಳಿಂದ ಎದೆಯುರಿ ಇದೆ. ಎಂಡೋಸ್ಕೋಪಿ ಮಾಡಿ ಅನ್ನನಾಳದ ಕೆಳಭಾಗದಿಂದ ತುಣುಕು ತೆಗೆದರು. ‘ಗಾಬ್ಲೆಟ್ ಕೋಶಗಳಿರುವ ಸ್ತಂಭಾಕಾರದ ಅನುಲೇಪಕ ಅಂಗಾಂಶ’ ಎಂದು ವರದಿ ಬಂದಿದೆ. ಅನ್ನನಾಳದಲ್ಲಿ ಬಹುಪದರದ ಚಪ್ಪಟೆ ಕೋಶಗಳಿರುತ್ತವೆ ಎಂದು ನಾವು ಓದಿದ್ದು. ಪ್ರಯೋಗಾಲಯದಲ್ಲಿ ಬೇರೆಯವರ ತುಣುಕು ಅದಲುಬದಲಾಗಿರಬಹುದೇ?

ರೋಗಶಾಸ್ತ್ರಜ್ಞೆ: ನೀವು ಓದಿದ್ದೂ ಸರಿ, ವರದಿಯೂ ಸರಿಯಿರಬಹುದು. ಅನ್ನನಾಳದ ಒಳಮೈ ಉಜ್ಜಾಟವನ್ನು ತಾಳಿಕೊಳ್ಳಬೇಕಾದ ಜಾಗ. ಅದಕ್ಕಾಗಿಯೇ ಅಲ್ಲಿ ಚಪ್ಪಟೆ ಕೋಶಗಳು ಹಲವು ಪದರಗಳಲ್ಲಿ ಕುಳಿತಿವೆ, ಮೇಲಿನವು ಸವೆದಂತೆ ಕೆಳಗಿನಿಂದ ಹೊಸವು ಬರುತ್ತವೆ. ಆದರೆ ಉಜ್ಜಾಟ ತಾಳುವ ಈ ಹೊದಿಕೆ ಆಮ್ಲವನ್ನು ತಾಳದು. ಜಠರದ ಆಮ್ಲ ಮತ್ತು ಪಿತ್ತರಸ ವರ್ಷಗಟ್ಟಲೆ ಮೇಲಕ್ಕೆ ಉಕ್ಕುತ್ತಿದ್ದರೆ, ಕೆಲವರಲ್ಲಿ ಆ ಜಾಗದಲ್ಲಿ ಕರುಳಿನಲ್ಲಿರುವಂತಹ ಸ್ತಂಭಾಕಾರದ ಕೋಶಗಳು ಬೆಳೆಯುತ್ತವೆ, ಅವುಗಳ ನಡುವೆ ಲೋಳೆ ತುಂಬಿಕೊಂಡು ಹೊಟ್ಟೆ ಉಬ್ಬಿದ ಗಾಬ್ಲೆಟ್ ಕೋಶಗಳೂ ಇರುತ್ತವೆ. ಪ್ರೌಢವಾದ ಒಂದು ಅಂಗಾಂಶದ ಜಾಗಕ್ಕೆ ಪ್ರೌಢವಾದ ಇನ್ನೊಂದು ಬರುವುದನ್ನು ಮೆಟಾಪ್ಲೇಸಿಯಾ ಎನ್ನುತ್ತೇವೆ. ಧೂಮಪಾನಿಗಳ ಶ್ವಾಸನಾಳದಲ್ಲಿ ಇದು ತಿರುವುಮುರುವಾಗಿ ನಡೆಯುತ್ತದೆ: ಅಲ್ಲಿ ಲೋಮಾಂಗಗಳಿರುವ ಕೋಶಗಳು ಹೋಗಿ ಚಪ್ಪಟೆ ಕೋಶಗಳು ಬರುತ್ತವೆ, ಕಫವನ್ನು ಮೇಲಕ್ಕೆ ತಳ್ಳುವವರೇ ಇಲ್ಲದಂತಾಗುತ್ತದೆ.

ಅನ್ನನಾಳದ ಈ ಬದಲಾವಣೆಗೆ ಬ್ಯಾರೆಟ್ ಅನ್ನನಾಳ ಎಂಬ ಹೆಸರಿದೆ. ನಾರ್ಮನ್ ಬ್ಯಾರೆಟ್ ಎಂಬ ಶಸ್ತ್ರಚಿಕಿತ್ಸಕ 1950ರಲ್ಲಿ ಇದರ ಬಗ್ಗೆ ಬರೆದಾಗ, ಇದು ಮೇಲಕ್ಕೆ ಎಳೆಯಲ್ಪಟ್ಟ ಜಠರವೆಂದೇ ವಾದಿಸಿದ್ದರು. ಅದು ಅನ್ನನಾಳವೇ ಎಂದು ಒಪ್ಪಿಕೊಂಡದ್ದು 1957ರಲ್ಲಿ. ಅವರಿಗೇ ಜಾಗದ ಬಗ್ಗೆ ಗೊಂದಲವಾಗಿದ್ದ ಮೇಲೆ ನಿಮಗಾದದ್ದರಲ್ಲಿ ಆಶ್ಚರ್ಯವಿಲ್ಲ.

ನನಗೆ ಎರಡು ವಿಷಯ ಬೇಕು. ಒಂದು, ತುಣುಕನ್ನು ಬಾಯಿಯಿಂದ ಎಷ್ಟು ಸೆಂಟಿಮೀಟರ್ ದೂರದಲ್ಲಿ ತೆಗೆದರು, ಜಠರದ ಮಡಿಕೆಗಳು ಎಷ್ಟರಲ್ಲಿ ಆರಂಭವಾಗುತ್ತವೆ ಎಂಬ ಅಂಕಿಗಳು. ಇವು ಬಯಾಪ್ಸಿ ವರದಿಯಲ್ಲಿ ಇಲ್ಲದಿದ್ದರೂ ಎಂಡೋಸ್ಕೋಪಿ ವರದಿಯಲ್ಲಿ ಇರುತ್ತವೆ. ಇದೇ ತುಣುಕು ಜಠರದ ಒಳಗಿನಿಂದ ಬಂದಿದ್ದರೆ ಅದರ ಅರ್ಥವೇ ಬೇರೆಯಾಗುತ್ತದೆ, ಸ್ಲೈಡನ್ನಷ್ಟೇ ನೋಡಿ ನಾನು ಅದನ್ನು ಹೇಳಲಾರೆ. ಎರಡು, ವರದಿಯಲ್ಲಿ ಡಿಸ್‌ಪ್ಲೇಸಿಯಾ (ಕೋಶಗಳು ಕ್ಯಾನ್ಸರಿನತ್ತ ವಾಲುವ ಅಸಹಜ ಬದಲಾವಣೆ) ಎಂಬ ಪದದ ಮುಂದೆ ಏನು ಬರೆದಿದ್ದಾರೆ ಎಂಬುದು.

ಫಿಸಿಯೋಥೆರಪಿ ವಿದ್ಯಾರ್ಥಿ: ಮೂತ್ರಕೋಶದ ಪ್ರಶ್ನೆ ಉಳಿದಿದೆ ಮೇಡಂ.

ಹಿರಿಯ ಸದಸ್ಯ: ಅನ್ನನಾಳದ ಸಮಸ್ಯೆ ಇರುವವರಿಗಾಗಿ ನನಗೆ ಬಂದ ಉಪಯುಕ್ತ ಸಂದೇಶವನ್ನು ಹಂಚಿಕೊಳ್ಳುತ್ತಿದ್ದೇನೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕ್ಷಾರೀಯ ನೀರು ಕುಡಿದರೆ 21 ದಿನಗಳಲ್ಲಿ ಒಳಪದರ ಪೂರ್ತಿ ಹೊಸದಾಗುತ್ತದೆ, ಮಾತ್ರೆಗಳ ಅಗತ್ಯವೇ ಇರುವುದಿಲ್ಲ.

ರೋಗಶಾಸ್ತ್ರಜ್ಞೆ: ಇದನ್ನು ನಂಬಿ ಯಾರೂ ಮಾತ್ರೆ ನಿಲ್ಲಿಸಬಾರದು. ಒಳಪದರ ಯಾವ ನೀರೂ ಇಲ್ಲದೆ ತಾನಾಗಿಯೇ ಹೊಸದಾಗುತ್ತಿರುತ್ತದೆ. ಆದರೆ ಬುಡದಲ್ಲಿರುವ ಕಾಂಡಕೋಶಗಳೇ ಸ್ತಂಭಾಕಾರದ ಕೋಶಗಳನ್ನು ಹುಟ್ಟಿಸುತ್ತಿರುವಾಗ, ಹೊಸದಾಗಿ ಬರುವುದೂ ಅದೇ ಜಾತಿಯದಾಗಿರುತ್ತದೆ. ಇನ್ನೊಂದು ಮಾತು: ಸ್ತಂಭಾಕಾರದ ಹೊದಿಕೆಯಿರುವ ಅನ್ನನಾಳಕ್ಕೆ ಆಮ್ಲದ ಉರಿ ಕಡಿಮೆ ತಿಳಿಯಬಹುದು. ಉರಿ ಕಡಿಮೆಯಾಯಿತು ಎಂಬುದನ್ನೇ ಗುಣವಾಯಿತು ಎಂದುಕೊಂಡು ತಪಾಸಣೆ ಬಿಟ್ಟವರ ತುಣುಕುಗಳು ತಡವಾಗಿ ನನ್ನ ಮೇಜಿಗೆ ಬಂದಿವೆ.

ಹಿರಿಯ ಸದಸ್ಯ: ಒಳ್ಳೆಯ ಉದ್ದೇಶದಿಂದ ಹಾಕಿದ್ದೆ.

ಪ್ರೌಢಶಾಲಾ ಶಿಕ್ಷಕ: ಇನ್ನೊಂದು ಸಂದೇಹ. ರಕ್ತವನ್ನು ಸಂಯೋಜಕ ಅಂಗಾಂಶವೆಂದು ಕಲಿಸುತ್ತೇವೆ. ಅದು ದ್ರವವಲ್ಲವೇ ಎಂದು ಮಕ್ಕಳು ಕೇಳುತ್ತಾರೆ.

ಲ್ಯಾಬ್ ಟೆಕ್ನಿಷಿಯನ್: ಮಕ್ಕಳು ಕೇಳುವುದು ನ್ಯಾಯವಾಗಿಯೇ ಇದೆ. ಮೂಳೆಯಲ್ಲಿ, ಮೃದ್ವಸ್ಥಿಯಲ್ಲಿ ಜೀವಕೋಶಗಳು ತಮ್ಮ ಸುತ್ತಲಿನ ಮಾತೃಕೆಯನ್ನು, ಅಂದರೆ ತಾವು ಹುದುಗಿರುವ ವಸ್ತುವನ್ನು, ತಾವೇ ಸ್ರವಿಸುತ್ತವೆ. ರಕ್ತದ ಪ್ಲಾಸ್ಮಾವನ್ನು ರಕ್ತಕಣಗಳು ತಯಾರಿಸುವುದಿಲ್ಲ, ಅದರ ಪ್ರೋಟೀನುಗಳಲ್ಲಿ ಹೆಚ್ಚಿನವು ಯಕೃತ್ತಿನಿಂದ ಬರುತ್ತವೆ. ಹಾಗಿರುವಾಗ ಅದನ್ನು ಮಾತೃಕೆ ಎನ್ನುವುದು ಬಲವಂತದ ಹೋಲಿಕೆ.

ಪ್ರೌಢಶಾಲಾ ಶಿಕ್ಷಕ: ಎಲ್ಲ ಪುಸ್ತಕಗಳಲ್ಲಿಯೂ ಹಾಗೆಯೇ ಇದೆ. ರಕ್ತಕಣಗಳು ಹುಟ್ಟುವುದು ಮೀಸೆನ್‌ಕೈಮ್ ಮೂಲದಿಂದ, ಅಂದರೆ ಬಹುಪಾಲು ಭ್ರೂಣದ ನಡುಪದರವಾದ ಮಧ್ಯಸ್ತರದಿಂದ ಬರುವ ಅಂಗಾಂಶದಿಂದ. ಹೆಪ್ಪುಗಟ್ಟುವಾಗ ಫೈಬ್ರಿನ್ ನಾರುಗಳೂ ಕಾಣುತ್ತವೆ. ಇಷ್ಟು ಸಾಲದೇ?

ಲ್ಯಾಬ್ ಟೆಕ್ನಿಷಿಯನ್: ಮೂಲವೇ ಮಾನದಂಡವಾದರೆ ಸ್ನಾಯುವನ್ನೂ ಸಂಯೋಜಕ ಅಂಗಾಂಶದಲ್ಲಿ ಸೇರಿಸಿಬಿಡಿ, ಅದೂ ಬಹುಪಾಲು ಮಧ್ಯಸ್ತರದಿಂದಲೇ ಬರುತ್ತದೆ. ಪುಸ್ತಕದಲ್ಲಿದೆ ಎಂಬುದು ವಾದವಲ್ಲ ಸರ್. ಫ್ರೆಂಚ್ ಅಂಗರಚನಾಶಾಸ್ತ್ರಜ್ಞ ಬಿಷಾ 1801ರಲ್ಲಿ ಬರೆದ ಪುಸ್ತಕದಲ್ಲಿ 21 ಅಂಗಾಂಶಗಳಿದ್ದವು, ಅದನ್ನೂ ಕಲಿಸುತ್ತೀರಾ?

ಪ್ರೌಢಶಾಲಾ ಶಿಕ್ಷಕ: ಬಿಷಾ ಸೂಕ್ಷ್ಮದರ್ಶಕವನ್ನು ನಂಬದೆ, ಕುದಿಸಿ, ಒಣಗಿಸಿ, ಕೊಳೆಯಿಸಿ ನೋಡಿ ವಿಂಗಡಿಸಿದವರು. ನೀವು ಸೂಕ್ಷ್ಮದರ್ಶಕದ ಮುಂದೆ ಕುಳಿತೂ ರಕ್ತ ಎಲ್ಲಿ ಸೇರುತ್ತದೆ ಎಂದು ಹೇಳಲಾರದೆ ಇದ್ದೀರಿ.

ಲ್ಯಾಬ್ ಟೆಕ್ನಿಷಿಯನ್: ನಾನು ವೈಯಕ್ತಿಕವಾಗಿ ಮಾತನಾಡಿರಲಿಲ್ಲ.

ರೋಗಶಾಸ್ತ್ರಜ್ಞೆ: ರಕ್ತವನ್ನು ವಿಶೇಷ ಬಗೆಯ ಸಂಯೋಜಕ ಅಂಗಾಂಶವೆಂದು ಇಡುವುದು ಅನುಕೂಲಕ್ಕಾಗಿ ಮಾಡಿಕೊಂಡ ವಿಂಗಡಣೆ. ಟೆಕ್ನಿಷಿಯನ್ ಅವರ ಆಕ್ಷೇಪದಲ್ಲಿ ಹುರುಳಿದೆ, ಪರೀಕ್ಷೆಯಲ್ಲಿ ಅಂಕ ಸಿಗುವುದು ಶಿಕ್ಷಕರ ಉತ್ತರಕ್ಕೆ. ಇಬ್ಬರೂ ಇಲ್ಲಿಗೆ ನಿಲ್ಲಿಸಿದರೆ ಉಪಕಾರವಾಗುತ್ತದೆ.

ಮತ್ತೊಬ್ಬ ಸದಸ್ಯೆ: ಮೇಡಂ, ಮಂಡಿಯ ಮೃದ್ವಸ್ಥಿ ಸವೆದಿದೆ. ಒಂದು ಎಣ್ಣೆ ಉಜ್ಜಿದರೆ ಅದು ಮತ್ತೆ ಬೆಳೆಯುತ್ತದೆಂಬ ವಿಡಿಯೊ ಬಂದಿದೆ, ನಿಜವೇ?

ರೋಗಶಾಸ್ತ್ರಜ್ಞೆ: ಸುಳ್ಳು. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ, ಮಂಡಿಯೊಳಗೆ ಅದಕ್ಕೆ ಪೋಷಣೆ ಸಿಗುವುದು ಮುಖ್ಯವಾಗಿ ಕೀಲಿನ ದ್ರವದಿಂದ, ಆದ್ದರಿಂದ ಅದು ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವುದೇ ಅಪರೂಪ. ಚರ್ಮದ ಮೇಲಿನ ಎಣ್ಣೆ ಅಲ್ಲಿಯವರೆಗೆ ಹೋಗುವುದಿಲ್ಲ.

ಹಿರಿಯ ಸದಸ್ಯ: ಆದರೆ ನನ್ನ ಪರಿಚಯದವರೊಬ್ಬರಿಗೆ ಇದೇ ಎಣ್ಣೆಯಿಂದ ಗುಣವಾಗಿದೆ.

ರೋಗಶಾಸ್ತ್ರಜ್ಞೆ: ನೋವು ಕಡಿಮೆಯಾಗಿರಬಹುದು. ಮೃದ್ವಸ್ಥಿಯಲ್ಲಿ ನರಗಳೂ ಇಲ್ಲ, ನೋವು ಬರುವುದೇ ಬೇರೆ ಕಡೆಯಿಂದ.

ಡಿಪ್ಲೊಮಾ ವಿದ್ಯಾರ್ಥಿ: ಒಂದು ಸ್ಲೈಡಿನ ಫೋಟೊ ಕಳಿಸಿದ್ದೇನೆ. ಯಾವ ಅಂಗಾಂಶವೆಂದು ಹೇಳಿ.

ರೋಗಶಾಸ್ತ್ರಜ್ಞೆ: ಕೋಶಕೇಂದ್ರ ಎಲ್ಲಿದೆ ನೋಡಿ. ಮೊದಲ ಉತ್ತರದಲ್ಲಿ ಬರೆದಿದ್ದೇನೆ.

ಡಿಪ್ಲೊಮಾ ವಿದ್ಯಾರ್ಥಿ: ನಾಳೆಯೇ ಪರೀಕ್ಷೆ ಇದೆ, ಹೆಸರನ್ನಷ್ಟೇ ಹೇಳಿದರೆ ಸಾಕಿತ್ತು.

ಲ್ಯಾಬ್ ಟೆಕ್ನಿಷಿಯನ್: ಅಡ್ಡಪಟ್ಟೆಗಳಿವೆ, ಎಳೆಗಳು ಕವಲೊಡೆದಿವೆ, ಕೋಶಕೇಂದ್ರ ನಡುವೆ ಇದೆ. ಅಸ್ಥಿಪಂಜರದ ಸ್ನಾಯುವಾಗಿದ್ದರೆ ಕೋಶಕೇಂದ್ರಗಳು ಅಂಚಿಗೆ ಸರಿದಿರುತ್ತಿದ್ದವು. ಹೃದಯದ ಸ್ನಾಯು.

ಪ್ರೌಢಶಾಲಾ ಶಿಕ್ಷಕ: ವಿದ್ಯಾರ್ಥಿಗಳಿಗೆ ಹೀಗೆ ಸಿದ್ಧ ಉತ್ತರ ಕೊಡುವುದು ಸರಿಯಲ್ಲ.

ಲ್ಯಾಬ್ ಟೆಕ್ನಿಷಿಯನ್: ಗುರುತಿಸಿದ ಕಾರಣವನ್ನೂ ಬರೆದಿದ್ದೇನೆ, ಓದಿ.

ಹೊಸ ಸದಸ್ಯ: ಮೇಡಂ, ಎಂಡೋಸ್ಕೋಪಿ ವರದಿ ಸಿಕ್ಕಿತು. ಬಣ್ಣ ಬದಲಾಗುವ ಗೆರೆ 36 ಸೆಂಟಿಮೀಟರ್, ಜಠರದ ಮಡಿಕೆಗಳ ಆರಂಭ 39, ತುಣುಕು ತೆಗೆದದ್ದು 37ರಲ್ಲಿ ಎಂದಿದೆ. ಬಯಾಪ್ಸಿ ವರದಿಯಲ್ಲಿ ಡಿಸ್‌ಪ್ಲೇಸಿಯಾ ಎಂಬ ಪದವೇ ಇಲ್ಲ. ಇಲ್ಲ ಎಂದರೆ ಇಲ್ಲವೆಂದೇ ಅರ್ಥವೇ?

ರೋಗಶಾಸ್ತ್ರಜ್ಞೆ: ಅಲ್ಲ. ಬರೆಯದೆ ಬಿಟ್ಟದ್ದನ್ನು ಇಲ್ಲವೆಂದು ಓದಬಾರದು. ಅಂಕಿಗಳ ಪ್ರಕಾರ ತುಣುಕು ಅನ್ನನಾಳದ್ದೇ, ಜಠರದ್ದಲ್ಲ. ಒಟ್ಟು 3 ಸೆಂಟಿಮೀಟರ್ ಉದ್ದಕ್ಕೆ ಹೊದಿಕೆ ಬದಲಾಗಿದೆ. ಡಿಸ್‌ಪ್ಲೇಸಿಯಾ ಇಲ್ಲದಿದ್ದರೆ ಇದು ಕ್ಯಾನ್ಸರಿಗೆ ತಿರುಗುವ ಸಂಭವ ವರ್ಷಕ್ಕೆ ಶೇ. 1ಕ್ಕಿಂತ ಕಡಿಮೆ, ಔಷಧಿಯೊಂದಿಗೆ ಸಾಮಾನ್ಯವಾಗಿ 3ರಿಂದ 5 ವರ್ಷಗಳಿಗೊಮ್ಮೆ ಎಂಡೋಸ್ಕೋಪಿ ಮಾಡಿ ನೋಡುತ್ತಾರೆ. ಇದ್ದರೆ ದಾರಿಯೇ ಬೇರೆ, ಆಗ ಇನ್ನೊಬ್ಬ ರೋಗಶಾಸ್ತ್ರಜ್ಞರೂ ಅದೇ ಸ್ಲೈಡನ್ನು ನೋಡಬೇಕು. ಹೊಸದಾಗಿ ತುಣುಕು ತೆಗೆಸುವ ಮುನ್ನ, ವರದಿ ಕೊಟ್ಟ ಪ್ರಯೋಗಾಲಯಕ್ಕೆ ಹೋಗಿ ‘ಡಿಸ್‌ಪ್ಲೇಸಿಯಾ ಇದೆಯೇ, ಇಲ್ಲವೇ, ಅಥವಾ ನಿರ್ಧರಿಸಲಾಗದೇ ಎಂದು ಬರೆದುಕೊಡಿ’ ಎಂದು ಕೇಳಿ. ಸ್ಲೈಡು ಅವರ ಬಳಿಯೇ ಇರುತ್ತದೆ.

ಹೊಸ ಸದಸ್ಯ: ನಾಳೆ ಬೆಳಿಗ್ಗೆಯೇ ಹೋಗುತ್ತೇನೆ.

ಹಿರಿಯ ಸದಸ್ಯ: ಅಲ್ಲಿಯವರೆಗೆ ಕ್ಷಾರೀಯ ನೀರು ಕೊಟ್ಟರೆ ತೊಂದರೆ ಏನಿದೆ?

ರೋಗಶಾಸ್ತ್ರಜ್ಞೆ: ನಿರ್ವಾಹಕರೇ, ಇದನ್ನು ನೀವೇ ನೋಡಿಕೊಳ್ಳಿ.

ಫಿಸಿಯೋಥೆರಪಿ ವಿದ್ಯಾರ್ಥಿ: ಮೂತ್ರಕೋಶ?