ಮಳೆಗಾಲದ ಜ್ವರ: ಹೊಟ್ಟೆಯಲ್ಲಿರುವ ಮಗುವಿನ ಮೆದುಳಿಗೆ ತೊಂದರೆ ಉಂಟಾ?

ಪ್ರಶ್ನೆ (ಕದ್ರಿ, ಮಂಗಳೂರು): ಐದು ತಿಂಗಳ ಗರ್ಭಿಣಿಗೆ ಜ್ವರ ಬಂದರೆ ಮಾತ್ರೆ ಕೊಡಬಹುದಾ, ಕಷಾಯ ಸಾಕಾ? ಮಗುವಿನ ಮೆದುಳಿಗೆ ಪೆಟ್ಟು ಅಂತಾರಲ್ಲ?

ಉತ್ತರ 1: ಫ್ಲೂ ವೈರಸ್ ಸಾಮಾನ್ಯವಾಗಿ ಮಗುವಿನವರೆಗೆ ಹೋಗುವುದೇ ಇಲ್ಲ. ತಾಯಿಯ ರೋಗನಿರೋಧಕ ಕೋಶಗಳು ಬಿಡುವ, ಉರಿಯೂತದ ಸಂದೇಶ ಸಾಗಿಸುವ ಐಎಲ್-6ನಂಥ ಸೈಟೊಕೈನ್‌ಗಳೇ ವಿಷಯ. ಅವು ಹೆಚ್ಚಾದರೆ ಮಾಸು ಕೆರಳುತ್ತದೆ, ಮಗುವಿನ ಮೆದುಳಿನ ಮೈಕ್ರೋಗ್ಲಿಯಾ ಎಂಬ ರಕ್ಷಕ ಕೋಶಗಳ ಕೆಲಸ ಏರುಪೇರಾಗುತ್ತದೆ. ಇಲಿಗಳಲ್ಲಿ ಇದು ಸ್ಪಷ್ಟ. ಮನುಷ್ಯರಲ್ಲಿ ಮಗುವಿನ ಮೆದುಳಿನ ಬೆಳವಣಿಗೆಗೆ ತೊಂದರೆಯಾಗುವ ಅಪಾಯ ತುಸು ಏರಬಹುದು, ಅದೂ ಜೋರು ಸೋಂಕಿನಲ್ಲಿ. ಸಾದಾ ಶೀತಕ್ಕೆ ಹೆದರಬೇಡಿ ಮಾರಾಯ್ರೇ.

ಉತ್ತರ 2: ಕಷಾಯ ಕುಡಿಯಲಿ, ಆದರೆ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜ್ವರ ಇಳಿಸಲೇಬೇಕು. ವೈದ್ಯರನ್ನು ಕೇಳಿ ಪ್ಯಾರಾಸಿಟಮಾಲ್ 500 ಮಿ.ಗ್ರಾಂ., ಆರು ಗಂಟೆ ಅಂತರದಲ್ಲಿ. ಐಬುಪ್ರೊಫೆನ್ ಬೇಡ, 20 ವಾರದ ನಂತರ ಮಗುವಿನ ಕಿಡ್ನಿಗೆ ತೊಂದರೆಯಾಗಿ ಗರ್ಭದ ನೀರು ಕಡಿಮೆಯಾಗಬಹುದು. ಮಂಗಳೂರಲ್ಲಿ ಮಳೆಗಾಲದ ಜ್ವರ ಅಂದರೆ ಅದೇ ದಿನ ಮಲೇರಿಯಾ, ಡೆಂಗಿ ಪರೀಕ್ಷೆ. ಮಲೇರಿಯಾಕ್ಕೆ ಮಾಡುವ ಮೊದಲ ಸ್ಮಿಯರ್ (ಗಾಜಿನ ಮೇಲೆ ರಕ್ತ ಸವರಿ ನೋಡುವ ಪರೀಕ್ಷೆ) ನೆಗೆಟಿವ್ ಬಂದರೂ ಜ್ವರ ಬಿಡದಿದ್ದರೆ ಮತ್ತೆ ಮಾಡಿಸಿ. ವೈವಾಕ್ಸ್ ಬಗೆಯ ಮಲೇರಿಯಾ ಆದರೆ ಕ್ಲೋರೊಕ್ವಿನ್ ಕೊಡುತ್ತಾರೆ. ಮನೆಯಲ್ಲಿ ಉಳಿದ ಇನ್ನೊಂದು ಮಲೇರಿಯಾ ಔಷಧಿ ಪ್ರೈಮಾಕ್ವಿನ್ ಮಾತ್ರ ಮುಟ್ಟಬೇಡಿ, ಮಗುವಿನ ರಕ್ತಕಣ ಒಡೆಯಬಹುದು.

ಉತ್ತರ 3 (ಉಡುಪಿ): ಫ್ಲೂ ಲಸಿಕೆ ಯಾವ ತಿಂಗಳಲ್ಲೂ ಆಗುತ್ತದೆ, ಚುಚ್ಚುವಂಥದ್ದು ಮಾತ್ರ. ಮೂಗಿಗೆ ಸಿಂಪಡಿಸುವುದರಲ್ಲಿ ಜೀವಂತ ವೈರಸ್ ಉಂಟು, ಅದು ಬೇಡ.