ಫಿನ್‌ಲೆಂಡಿನ ಮೆಟಲ್ ಬ್ಯಾಂಡ್ ನೈಟ್‌ವಿಶ್‌ನ 'ಒನ್ಸ್' ಆಲ್ಬಮ್ ರಿಮಾಸ್ಟರ್ ಕೇಳಿದವರು ಹೇಳಿ, ನಿಜಕ್ಕೂ ವ್ಯತ್ಯಾಸ ಇದೆಯಾ?

ಮಂಡಕ್ಕಿ_ಮೆಟಲ್ (ದಾವಣಗೆರೆ)
'ಒನ್ಸ್' ಬಂದಿದ್ದು 2004ರಲ್ಲಿ. ಆಗ ಇಲ್ಲೇ ಇಂಜಿನಿಯರಿಂಗ್ ಓದುತ್ತಿದ್ದೆ. ಹಾಸ್ಟೆಲ್‌ನಲ್ಲಿ ಒಂದು ಕಂಪ್ಯೂಟರಿಂದ ಇನ್ನೊಂದಕ್ಕೆ ಸುತ್ತಿ ಸುತ್ತಿ ನನ್ನ ಕೈಗೆ ಬಂದಿದ್ದು 128 ಕೆಬಿಪಿಎಸ್‌ನ, ಅಂದರೆ ತುಂಬಾ ಒತ್ತಿ ಚಿಕ್ಕದು ಮಾಡಿದ ಎಂಪಿ3. ಹಾಡಿನ ಹೆಸರೂ ಇರಲಿಲ್ಲ, ಬರೀ "ಟ್ರ್ಯಾಕ್ 09". ಅದು 'ಘೋಸ್ಟ್ ಲವ್ ಸ್ಕೋರ್' ಅಂತ ಗೊತ್ತಾಗಿದ್ದು ಆಮೇಲೆ.

ಮೊನ್ನೆ 2021ರ ರಿಮಾಸ್ಟರನ್ನು (ಹಳೆ ರೆಕಾರ್ಡಿಂಗಿನ ಸದ್ದು ತಿದ್ದಿ ಮತ್ತೆ ಹೊರತಂದದ್ದು) ಹೊಸ ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಕೇಳಿದೆ. ಆ ಹತ್ತು ನಿಮಿಷದ ಹಾಡಿನ ನಡುವೆ ಗಾಯಕಿ ಟಾರ್ಯಾ ದನಿ ನಿಂತು ಆರ್ಕೆಸ್ಟ್ರಾ, ಕೋರಸ್ ಉಳಿಯುವ ಜಾಗ ಇದೆಯಲ್ಲ, ಅಲ್ಲಿ ಹಿಂದೆ ಏನೋ ಮಬ್ಬು ಸದ್ದು ಕೇಳುತ್ತಿತ್ತು, ಈಗ ತಂತಿವಾದ್ಯಗಳು ಬಿಡಿಬಿಡಿಯಾಗಿ ಕೇಳುತ್ತವೆ. ಆದರೆ ಗಿಟಾರ್ ಜೋರಾದ ತಕ್ಷಣ ಮತ್ತೆ ಎಲ್ಲ ಸೇರಿ ಒಂದೇ ಗೋಡೆ. ಇದು ರಿಮಾಸ್ಟರ್ ಮಹಿಮೆಯಾ, ಹೆಡ್‌ಫೋನ್ ಮಹಿಮೆಯಾ? ಸಿಡಿಗೆ ದುಡ್ಡು ಹಾಕಬಹುದಾ?

ಕೋಟೆ_ಕೀಬೋರ್ಡ್ (ಚಿತ್ರದುರ್ಗ)
ಸರ್, ನೀವು ರಿಮಾಸ್ಟರನ್ನು ಹಳೆ ಮಾಸ್ಟರ್ (2004ರ ಮೂಲ ಸಿಡಿ) ಜತೆ ಹೋಲಿಸುತ್ತಿಲ್ಲ, 128ರ ಎಂಪಿ3 ಜತೆ ಹೋಲಿಸುತ್ತಿದ್ದೀರಿ. 128ಕ್ಕೆ ಇಳಿಸುವಾಗ ಸಾಮಾನ್ಯವಾಗಿ 16 ಕಿಲೋಹರ್ಟ್ಸ್ ಮೇಲಿನ ತೀರಾ ಚೂಪು ಸದ್ದೆಲ್ಲ ಕತ್ತರಿಸಿ ಹೋಗುತ್ತದೆ. ಡ್ರಮ್ಸ್, ಗಿಟಾರ್, ಕೋರಸ್, ಆರ್ಕೆಸ್ಟ್ರಾ ಎಲ್ಲ ಒಟ್ಟಿಗೆ ಬಂದರೂ ಅಷ್ಟೇ ಬಿಟ್‌ನಲ್ಲಿ ತುರುಕಬೇಕು. ಮೊದಲು ಕೆಡುವುದು ಸಿಂಬಲ್, ನೀರೊಳಗೆ ಹೊಡೆದ ಹಾಗೆ ಕೇಳುತ್ತೆ. ಆ ಮಬ್ಬಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅದರದ್ದೇ ಕೊಡುಗೆ.

ಇನ್ನು ಗೋಡೆ ಅಂದಿರಲ್ಲ, ಅದನ್ನು ಒಡೆಯೋದು ರಿಮಾಸ್ಟರ್ ಮಾಡುವವರ ಕೈಲಿಲ್ಲ. ಅವರಿಗೆ ಸಿಗುವುದು ಮಿಕ್ಸ್ ಆಗಿ ಮುಗಿದ ಎಡ, ಬಲ ಎರಡು ಚಾನೆಲ್. ಒಟ್ಟಾರೆ ಬೇಸ್, ಟ್ರೆಬಲ್, ಸದ್ದಿನ ಮಟ್ಟ ತಿದ್ದಬಹುದು. ಪಿಟೀಲು ಮುಂದೆ ತಂದು ಗಿಟಾರ್ ಹಿಂದೆ ಸರಿಸಬೇಕು ಅಂದರೆ ರಿಮಿಕ್ಸ್ ಮಾಡಬೇಕು, ಅದು ಬೇರೆಯೇ ಕೆಲಸ. ಡಿಸ್ಟಾರ್ಶನ್ ಹಾಕಿದ ಗಿಟಾರ್, ಸೆಲ್ಲೋ ಎರಡಕ್ಕೂ ಬೇಕಾದ ಜಾಗ (ಫ್ರೀಕ್ವೆನ್ಸಿ) ಹೆಚ್ಚುಕಡಿಮೆ ಒಂದೇ, ಜಗಳದಲ್ಲಿ ಗೆಲ್ಲುವುದು ಗಿಟಾರೇ. ಪಿಪ್ ವಿಲಿಯಮ್ಸ್ ಕೈಲಿ ಅರೇಂಜ್ ಮಾಡಿಸಿ ಲಂಡನ್‌ನಲ್ಲಿ ಆರ್ಕೆಸ್ಟ್ರಾ ರೆಕಾರ್ಡ್ ಮಾಡಿದರಲ್ಲ, ಆ ಖರ್ಚೆಲ್ಲ ಕಾಣೋದು ಗಿಟಾರ್ ಸುಮ್ನಿರುವ ಕಡೆ!

ಬೆಣ್ಣೆದೋಸೆ_ಬೇಸ್
ಮಾಸ್ಟರ್, ರಿಮಾಸ್ಟರ್ ಎಲ್ಲ ಬಿಡಿ ಗುರೂ. ಆ ಹಾಡು ಅಂದರೆ 2013ರಲ್ಲಿ ಜರ್ಮನಿಯ ವಾಕೆನ್ ಮೆಟಲ್ ಉತ್ಸವದಲ್ಲಿ, ಆಮೇಲೆ ಬಂದ ಗಾಯಕಿ ಫ್ಲೋರ್ ಯಾನ್ಸೆನ್ ಹಾಡಿದ್ದು, ಅಷ್ಟೇ.

ಕೋಟೆ_ಕೀಬೋರ್ಡ್ (ಚಿತ್ರದುರ್ಗ)
ಬಂದ್ರಾ! 2005ರಲ್ಲಿ ಬಹಿರಂಗ ಪತ್ರ ಬರೆದು ಟಾರ್ಯಾರನ್ನು ಬ್ಯಾಂಡಿನಿಂದ ತೆಗೆದಾಗ ಶುರುವಾದ ಜಗಳ ಇನ್ನೂ ಮುಗಿದಿಲ್ಲ, ಅದನ್ನು ಇಲ್ಲಿಗೆ ತರಬೇಡಿ. ಫ್ಲೋರ್ ಅದ್ಭುತ, ಒಪ್ಪಿದೆ. ಇಲ್ಲಿ ಕೇಳಿದ್ದು ಸಿಡಿ ವಿಷಯ.

ವೈರ್_ಇದ್ರೆ_ಸಾಕು
ಅಣ್ಣ, ಒಂದು ಮಾತು. ಎರಡನ್ನೂ ಹೋಲಿಸುವ ಮೊದಲು ವಾಲ್ಯೂಮ್ ಸಮ ಮಾಡಿಕೊಳ್ಳಿ. ಒಂದೆರಡು ಡೆಸಿಬೆಲ್ ಜಾಸ್ತಿ ಇದ್ದರೂ ಸಾಕು, ಕಿವಿ ಅದನ್ನೇ ಚೆಂದ ಅನ್ನುತ್ತೆ. ಆ ಕಾಲದಲ್ಲಿ ಎಲ್ಲ ಕಂಪನಿಗಳೂ ನನ್ನ ಸಿಡಿ ನಿನ್ನದಕ್ಕಿಂತ ಜೋರು ಅಂತ ಲಿಮಿಟರ್ ಹಾಕಿ (ಸದ್ದಿನ ಏರಿಳಿತ ತಗ್ಗಿಸಿ) ಒತ್ತುತ್ತಿದ್ದವು. ಈಗ ಸ್ಪಾಟಿಫೈನಲ್ಲಿ ನಾರ್ಮಲೈಸೇಶನ್ (ಎಲ್ಲ ಹಾಡಿನ ಜೋರನ್ನು ಸಮ ಮಾಡುವ ಸೌಲಭ್ಯ) ಆನ್ ಇದ್ದರೆ ಜೋರಿನ ಹಾಡನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಸದ್ದಿನ ಜೋರಿನ ಅಳತೆ) ಇಳಿಸುತ್ತದೆ, ಒತ್ತಿದ್ದರಿಂದ ಏನೂ ಲಾಭ ಇಲ್ಲ. ಬ್ಲೂಟೂತ್ ಮತ್ತೊಂದು ಸಲ ಕಂಪ್ರೆಸ್ ಮಾಡುತ್ತದೆ, ಆದ್ದರಿಂದ ವೈರ್ ಹಾಕಿ ಕೇಳಿ. ಪಿಬಿ ರೋಡ್ ಬಸ್ಸಲ್ಲಿ ಕೂತು ಮಾತ್ರ ತೀರ್ಪು ಕೊಡಬೇಡಿ.

ಮಂಡಕ್ಕಿ_ಮೆಟಲ್ (ದಾವಣಗೆರೆ)
ಹಾಗಾದರೆ ಹಳೆ ಸಿಡಿಯನ್ನೇ ಹುಡುಕಬೇಕು ಅಂತಾಯಿತು. ಯಾರ ಹತ್ತಿರವಾದರೂ ಇದೆಯಾ?

ಕೋಟೆ_ಕೀಬೋರ್ಡ್ (ಚಿತ್ರದುರ್ಗ)
ನನ್ನ ಹತ್ತಿರ ಇದೆ. ಡಬ್ಬಿ ಒಡೆದಿದೆ, ಸಿಡಿ ಚೆನ್ನಾಗಿದೆ. ಟ್ರ್ಯಾಕ್ 9 ಬಿಡಿ, ಅದೇ ಆಲ್ಬಮ್‌ನ 'ಕ್ರೀಕ್ ಮೇರೀಸ್ ಬ್ಲಡ್' ಹಾಕಿ ಪರೀಕ್ಷೆ ಮಾಡೋಣ. ಜಾನ್ ಟೂ-ಹಾಕ್ಸ್ ಕೊಳಲು, ಕೊನೆಯಲ್ಲಿ ಅವರು ಲಕೋಟಾ (ಅಮೆರಿಕದ ಮೂಲನಿವಾಸಿಗಳ) ಭಾಷೆಯಲ್ಲಿ ಹೇಳುವ ಸಾಲುಗಳು, ಅಲ್ಲಿ ಗಿಟಾರ್ ಗಲಾಟೆ ಇಲ್ಲ. ಮಾಸ್ಟರ್ ಬದಲಾಗಿದ್ದರೆ ಉಸಿರಿನ ಸದ್ದಲ್ಲೇ ಗೊತ್ತಾಗುತ್ತೆ. ಅಲ್ಲೂ ಗೊತ್ತಾಗದಿದ್ದರೆ ಹೊಸ ಸಿಡಿಗೆ ದುಡ್ಡು ಹಾಕಬೇಡಿ, ಅದರಲ್ಲಿ ಒಳ್ಳೆ ವೈರ್ಡ್ ಹೆಡ್‌ಫೋನ್ ತಗೊಳ್ಳಿ. ಭಾನುವಾರ ದಾವಣಗೆರೆಗೆ ಬರುತ್ತಿದ್ದೇನೆ. ಪ್ಲೇಯರ್ ಇದೆಯಾ ನಿಮ್ಮಲ್ಲಿ?

ಮಂಡಕ್ಕಿ_ಮೆಟಲ್ (ದಾವಣಗೆರೆ)
ಹಳೆ ಡಿವಿಡಿ ಪ್ಲೇಯರ್ ಇದೆ. ರಿಮೋಟ್ ಇಲ್ಲ. ಬನ್ನಿ ಸರ್, ಮಿರ್ಚಿ ಮಂಡಕ್ಕಿ ಖರ್ಚು ನನ್ನದು.

ಬೆಣ್ಣೆದೋಸೆ_ಬೇಸ್
ನಾನೂ ಬರುತ್ತೇನೆ. ವಾಕೆನ್ ವಿಡಿಯೊ ಪೆನ್‌ಡ್ರೈವ್‌ನಲ್ಲಿದೆ.